ಕಥೆಯನ್ನು ಬರೆಯದ ಸೂತ್ರಧಾರ

ಆಟವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ನಮ್ಮಲ್ಲಿ ವಾಡಿಕೆ. ಅದರಲ್ಲಿಯೂ ದಾಳವಿರುವ ಆಟವೆಂದರೆ ಹೇಳತಕ್ಕದ್ದೇ ಇಲ್ಲ. ಧರ್ಮರಾಜನಂಥವನೇ ದಾಳದ ಮುಂದೆ ಕುಳಿತು ರಾಜ್ಯವನ್ನು ಕಳೆದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೂ ಜೂಜುಗಾರನ ಗೋಳನ್ನು ಹೇಳುವ ಸೂಕ್ತವೊಂದುಂಟು. ಹೀಗಿರುವಲ್ಲಿ, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತರಾದ ನಾವು, ಪ್ರತಿ ಭಾನುವಾರ ಸಾಯಂಕಾಲ ಎರಡು ದಾಳಗಳನ್ನು ಮುಂದಿಟ್ಟುಕೊಂಡು, ಇಲ್ಲದ ನಕ್ಷತ್ರಗಳ ನಡುವೆ ಇಲ್ಲದ ಹಡಗನ್ನು ಓಡಿಸುವ ಆಟದಲ್ಲಿ ಕಾಲ ಕಳೆಯುತ್ತೇವೆಂದರೆ ವಾಚಕರು ನಕ್ಕಾರು. ನಗಲಿ. ನಕ್ಕಾದ ಮೇಲೆ ಸ್ವಲ್ಪ ಸಾವಧಾನದಿಂದ ಓದಿದರೆ, ಈ ಆಟದಲ್ಲಿ ಪಣವೂ ಇಲ್ಲ, ಗೆಲ್ಲುವವನೂ ಇಲ್ಲ, ಸೋಲುವವನೂ ಇಲ್ಲವೆಂಬುದೂ, ಆದರೂ ಮನೆಯ ಹಿರಿಯರು ಯೋಚಿಸತಕ್ಕ ಒಂದು ಧರ್ಮಸೂಕ್ಷ್ಮವು ಇದರಲ್ಲಿದೆಯೆಂಬುದೂ ತಿಳಿದುಬಂದೀತು.

ಆಟದ ಸ್ವರೂಪವನ್ನು ಹೇಳುವುದಕ್ಕೆ ನಮ್ಮಲ್ಲಿಯೇ ಒಂದು ಒಳ್ಳೆಯ ಉಪಮಾನವುಂಟು. ತಾಳಮದ್ದಳೆಯನ್ನು ನೋಡಿದವರು ನೆನೆದುಕೊಳ್ಳಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರು ಬದುರಾಗಿ ಕುಳಿತು, ಒಬ್ಬನು ಕೃಷ್ಣನಾಗಿ, ಇನ್ನೊಬ್ಬನು ಕೌರವನಾಗಿ, ಆ ಕ್ಷಣದಲ್ಲಿ ತೋಚಿದ ಮಾತನ್ನೇ ಆಡುತ್ತಾರೆ. ನಾವು ಹೇಳುವ ಆಟವೂ ಹೀಗೆಯೇ. ಮೇಜಿನ ಸುತ್ತ ನಾಲ್ಕೈದು ಜನ ಕುಳಿತುಕೊಳ್ಳುವರು. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ‘ನಾನು ಬಾಗಿಲನ್ನು ತೆರೆಯುತ್ತೇನೆ’, ‘ನಾನು ಅವನೊಡನೆ ಸಂಧಿಯ ಮಾತನಾಡುತ್ತೇನೆ’ ಎಂದು ಹೇಳುವರು. ಇವರಿಗೆಲ್ಲ ಎದುರಾಗಿ ಸೂತ್ರಧಾರನೊಬ್ಬನು ಕುಳಿತು, ಬಾಗಿಲಿನ ಆಚೆ ಏನಿದೆ, ಆ ಇನ್ನೊಬ್ಬನು ಏನು ಉತ್ತರ ಕೊಟ್ಟನು ಎಂಬುದನ್ನು ಹೇಳುವನು. ಫಲವು ಸಂದಿಗ್ಧವಾಗಿರುವಲ್ಲಿ ದಾಳವು ನಿರ್ಣಯಿಸುವುದು. ಭೇದವೊಂದೇ: ತಾಳಮದ್ದಳೆಯಲ್ಲಿ ಮಾತು ಎಷ್ಟು ಸ್ವತಂತ್ರವಾದರೂ ಪ್ರಸಂಗದ ಕೊನೆ ಮೊದಲೇ ಗೊತ್ತು; ಕೌರವನು ವಾದದಲ್ಲಿ ಗೆದ್ದರೂ ಯುದ್ಧದಲ್ಲಿ ತೊಡೆ ಮುರಿಸಿಕೊಳ್ಳಲೇಬೇಕು. ಇಲ್ಲಿ ಕೊನೆಯು ಯಾರಿಗೂ ಗೊತ್ತಿಲ್ಲ. ಸೂತ್ರಧಾರನಿಗೂ ಗೊತ್ತಿಲ್ಲ, ಗೊತ್ತಿರಕೂಡದು. ನಮ್ಮ ಈ ಲೇಖನದ ಮುಖ್ಯ ಮಾತು ಇದೇ.

ಈ ಆಟವು ಎಲ್ಲಿಂದ ಬಂದಿತೆಂಬುದನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಪ್ರಷ್ಯಾ ದೇಶದಲ್ಲಿ ರೈಸ್ವಿಟ್ಜ್ ಎಂಬ ತಂದೆಮಕ್ಕಳು ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ಒಂದು ಯುದ್ಧಕ್ರೀಡೆಯನ್ನು ಕಲ್ಪಿಸಿದರು. ತಂದೆಯು ಅದನ್ನು ೧೮೧೨ರಲ್ಲಿ ಅರಸನಿಗೆ ತೋರಿಸಿದನು. ಮಗನು ೧೮೨೪ರಲ್ಲಿ ಅದರ ನಿಯಮಗಳನ್ನು ತಿದ್ದಿ ಪ್ರಕಟಿಸಿದನು. ಎರಡು ಪಕ್ಷಗಳ ನಡುವೆ ಮಧ್ಯಸ್ಥನೊಬ್ಬನಿರಬೇಕು, ಪ್ರತಿಯೊಂದು ಪಕ್ಷಕ್ಕೂ ಅದರ ಸೈನಿಕರ ಕಣ್ಣಿಗೆ ಬೀಳತಕ್ಕಷ್ಟನ್ನು ಮಾತ್ರ ಅವನು ತಿಳಿಸಬೇಕು ಎಂಬುದು ಆ ಕ್ರೀಡೆಯ ಕಟ್ಟಳೆ. ನಮ್ಮ ಸೂತ್ರಧಾರನ ಮೂಲಪುರುಷನು ಆ ಮಧ್ಯಸ್ಥನೇ. ನೂರೈವತ್ತು ವರ್ಷಗಳ ತರುವಾಯ, ೧೯೭೪ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಸೇನೆಗಳ ಬದಲು ಒಬ್ಬೊಬ್ಬ ಆಟಗಾರನಿಗೂ ಒಂದೊಂದೇ ಪಾತ್ರವನ್ನು ಕೊಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಅದು ಮಾಂತ್ರಿಕರ, ಸರ್ಪರಾಕ್ಷಸರ ಲೋಕ. ವಿಜ್ಞಾನದ ಕಲ್ಪನೆಯನ್ನು ಆಧರಿಸಿದ ಇಂಥ ಆಟಗಳಲ್ಲಿ ಮೊದಲನೆಯದೆಂದು ೧೯೭೬ರ ‘ಮೆಟಮಾರ್ಫೋಸಿಸ್ ಆಲ್ಫಾ’ವನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಜೇಮ್ಸ್ ವಾರ್ಡ್ ಎಂಬವನ ಆ ಆಟದಲ್ಲಿ ಜನರು ಒಂದು ಮಹಾನೌಕೆಯೊಳಗೆ ತಲೆಮಾರುಗಳಿಂದ ಬಾಳುತ್ತಾ, ತಾವಿರುವುದು ನೌಕೆಯೆಂಬುದನ್ನೇ ಮರೆತಿರುತ್ತಾರೆ. ಇದು ನಮ್ಮ ವೇದಾಂತಿಗಳಿಗೂ ಹಿಡಿಸತಕ್ಕ ಕಲ್ಪನೆ.

ನಾವು ಆಡುವುದು ಇವೆರಡೂ ಅಲ್ಲ. ೧೯೭೭ರಲ್ಲಿ ಇಲಿನಾಯ್ ಸಂಸ್ಥಾನದ ನಾರ್ಮಲ್ ಎಂಬ ಊರಿನಿಂದ ‘ಟ್ರಾವೆಲರ್’, ಎಂದರೆ ಪಥಿಕ, ಎಂಬ ಹೆಸರಿನ ಆಟವೊಂದು ಹೊರಟಿತು. ರಚಿಸಿದವನು ಮಾರ್ಕ್ ಮಿಲ್ಲರ್. ಒಂದು ಪೆಟ್ಟಿಗೆ, ಅದರೊಳಗೆ ಕಪ್ಪು ರಟ್ಟಿನ ಮೂರು ಚಿಕ್ಕ ಪುಸ್ತಕಗಳು. ಪೆಟ್ಟಿಗೆಯ ಮೇಲೆ ಚಿತ್ರವಿಲ್ಲ. ಬಿಯೋವುಲ್ಫ್ ಎಂಬ ವ್ಯಾಪಾರದ ಹಡಗು ಆಪತ್ತಿನಲ್ಲಿ ಸಿಕ್ಕಿ ಕೂಗಿಡುವ ಆರ್ತವಾಕ್ಯ ಮಾತ್ರವಿದೆ. ಪ್ರಕಟಿಸಿದ ಕಂಪೆನಿಯು ೧೯೯೬ರಲ್ಲಿ ಮುಚ್ಚಿಹೋಯಿತಾದರೂ ಆಟವು ಉಳಿದು, ಇಂಗ್ಲೆಂಡಿನ ಬೇರೊಂದು ಕಂಪೆನಿಯಿಂದ ೨೦೦೮ರಲ್ಲಿ ಹೊಸ ರೂಪದಲ್ಲಿ ಹೊರಬಂದಿತು. ನಮ್ಮ ತಂಗಿಯ ಮಗನೊಬ್ಬನು ಇಂಜಿನಿಯರನು, ಹಳೆಯ ಪುಸ್ತಕಗಳ ಪ್ರತಿಯೊಂದನ್ನು ಅವನು ತಂದುಕೊಟ್ಟು, ‘ಮಾವ, ನೀವು ಕಥೆ ಹೇಳಬಲ್ಲಿರಿ, ಲೆಕ್ಕಕ್ಕೂ ಅಂಜುವುದಿಲ್ಲ, ಸೂತ್ರಧಾರಿಕೆ ನಿಮ್ಮದು’ ಎಂದನು. ಅವನು, ನೆರೆಮನೆಯ ಇಬ್ಬರು ಕಾಲೇಜು ಹುಡುಗರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತರುಣಿ, ಏಳನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗಳು, ಇಷ್ಟು ಜನ ನಮ್ಮ ಮಂಡಲಿ.

ಮೊದಲ ಪುಸ್ತಕವನ್ನು ಓದುವಾಗಲೇ ನಮಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿತು. ಕಾರಣವೇನೆಂದರೆ, ಇದರ ನಾಯಕರು ಹದಿನಾರರ ರಾಜಕುಮಾರರಲ್ಲ. ಪಾತ್ರವು ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ನೌಕಾದಳವನ್ನೋ ಸೈನ್ಯವನ್ನೋ ವಾಣಿಜ್ಯವನ್ನೋ ಸೇರಿ, ನಾಲ್ಕು ನಾಲ್ಕು ವರ್ಷಗಳ ಅವಧಿಯಂತೆ ದುಡಿಯುವುದು. ಪ್ರತಿ ಅವಧಿಗೂ ದಾಳವನ್ನು ಉರುಳಿಸಬೇಕು. ದಾಳವು ಕೆಟ್ಟರೆ, ಆಟ ಮೊದಲಾಗುವುದಕ್ಕೆ ಮುಂಚೆಯೇ ಪಾತ್ರವು ಮೃತವಾಯಿತೆಂದು ಕಾಗದವನ್ನು ಪಕ್ಕಕ್ಕಿಟ್ಟು ಹೊಸತನ್ನು ಬರೆಯಬೇಕು. ಮೂವತ್ತನಾಲ್ಕು ತುಂಬಿದ ಮೇಲೆ ಮುಪ್ಪಿನ ದಾಳವೂ ಸೇರಿಕೊಳ್ಳುವುದು. ಬಲ ಕುಂದುವುದು, ಕೈಚಳಕ ತಗ್ಗುವುದು. ಇಪ್ಪತ್ತು ವರ್ಷ ಸೇವೆ ಮಾಡಿದವನಿಗೆ ನಿವೃತ್ತಿವೇತನವೂ ಉಂಟು! ಆಟದ ಪುಸ್ತಕದಲ್ಲಿ ಪಿಂಚಣಿಯ ಪಟ್ಟಿಯನ್ನು ಕಂಡು ನಾವು ಪಟ್ಟ ಸಂತೋಷವನ್ನು ನಮ್ಮಂಥ ನಿವೃತ್ತರು ಮಾತ್ರ ಬಲ್ಲರು.

ಇನ್ನು ಲೋಕಸೃಷ್ಟಿಯ ವಿಚಾರ. ಸೂತ್ರಧಾರನು ಷಟ್ಕೋನಗಳ ಜಾಲವೊಂದನ್ನು ಕಾಗದದ ಮೇಲೆ ಬರೆಯುವನು: ಅಡ್ಡ ಎಂಟು, ಉದ್ದ ಹತ್ತು, ಒಟ್ಟು ೮೦ ಕೋನಗಳು. ಒಂದೊಂದು ಕೋನವೂ ಒಂದು ಪಾರ್ಸೆಕ್, ಎಂದರೆ ಬೆಳಕು ೩.೨೬ ವರ್ಷಗಳಲ್ಲಿ ಓಡುವ ದೂರ. ಪ್ರತಿಯೊಂದಕ್ಕೂ ದಾಳವೆಸೆದು, ನಾಲ್ಕು, ಐದು, ಆರು ಬಿದ್ದಲ್ಲಿ ಒಂದು ಜಗತ್ತನ್ನು ಇಡುವನು. ತರುವಾಯ ಅದರ ಗಾತ್ರ, ವಾಯುಮಂಡಲ, ನೀರು, ಜನಸಂಖ್ಯೆ, ಸರ್ಕಾರ, ಕಾನೂನಿನ ಬಿಗಿ, ಯಂತ್ರವಿದ್ಯೆಯ ಮಟ್ಟ ಇವುಗಳನ್ನು ಒಂದೊಂದು ಅಂಕದಿಂದ ಗುರುತಿಸುವನು. ಗಾತ್ರಕ್ಕೆ ಎಂಟೆಂದರೆ ಎಂಟು ಸಾವಿರ ಮೈಲಿ ವ್ಯಾಸ, ನಮ್ಮ ಭೂಮಿಯಷ್ಟು; ಜನಸಂಖ್ಯೆಗೆ ಮೂರೆಂದರೆ ಒಂದರ ಮುಂದೆ ಮೂರು ಸೊನ್ನೆ, ಸಾವಿರಗಳ ಲೆಕ್ಕ. ಒಂದು ಸಾಲಿನಲ್ಲಿ ಒಂದು ಜಗತ್ತು ಮುಗಿಯಿತು. ಪಾಣಿನಿಯ ಪ್ರತ್ಯಾಹಾರಗಳ ಸೊಗಸನ್ನು ಬಲ್ಲವರಿಗೆ ಈ ಸಂಕ್ಷೇಪವು ರುಚಿಸದೆ ಇರದು. ಸೂತ್ರವಾದ ಮೇಲೆ ಭಾಷ್ಯ ಬೇಕಲ್ಲವೆ? ಗಾಳಿ ತೆಳುವಾಗಿದೆ, ಜನ ಎರಡು ಸಾವಿರ, ಕಾನೂನು ಬಲು ಬಿಗಿ: ಏಕೆ? ಗಣಿಯ ಊರಿರಬೇಕು, ಗಾಳಿಯನ್ನು ಅಳೆದು ಹಂಚುವವನ ಕೈಯಲ್ಲಿ ಅಧಿಕಾರವಿರಬೇಕು. ಹೀಗೆ ಅಂಕಗಳಿಂದ ಕಾರಣವನ್ನು ಊಹಿಸುತ್ತ ಊಹಿಸುತ್ತ ಜನರೂ ಅವರ ಕಷ್ಟಗಳೂ ತಾವಾಗಿಯೇ ಕಾಣಿಸಿಕೊಳ್ಳುವುವು.

ಈ ಲೋಕದ ಎಲ್ಲ ನಿಯಮಗಳಿಗೂ ತಾಯಿಯಾದ ನಿಯಮವೊಂದಿದೆ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗಲು ಹಡಗು ‘ಜಂಪ್’ ಮಾಡುವುದು; ನಾವು ಅದನ್ನು ಲಂಘನವೆಂದು ಕರೆಯುತ್ತೇವೆ. ಯಂತ್ರದ ಶಕ್ತಿಗೆ ತಕ್ಕಂತೆ ಒಂದು ಪಾರ್ಸೆಕ್ಕಿನಿಂದ ಆರರವರೆಗೆ ಹಾರಬಹುದು. ಹತ್ತಿರವಾದರೂ ದೂರವಾದರೂ ಒಂದು ಲಂಘನಕ್ಕೆ ಹಿಡಿಯುವ ಕಾಲ ಸುಮಾರು ಒಂದು ವಾರ. ಆ ವಾರದಲ್ಲಿ ಹೊರಗಿನ ಸುದ್ದಿ ಒಳಕ್ಕಿಲ್ಲ, ಒಳಗಿನದು ಹೊರಕ್ಕಿಲ್ಲ. ಹಡಗಿಗಿಂತ ವೇಗವಾಗಿ ಹೋಗುವ ತಂತಿಯಾಗಲಿ ರೇಡಿಯೋ ಆಗಲಿ ಇಲ್ಲ. ಎಂದ ಮೇಲೆ ಸುದ್ದಿಯೂ ಹಡಗಿನಲ್ಲಿಯೇ ಹೋಗಬೇಕು. ಕೈಯಲ್ಲಿನ ಯಂತ್ರದಿಂದ ಕ್ಷಣಾರ್ಧದಲ್ಲಿ ಭೂಮಿಯ ಆಚೆಬದಿಯವರೊಡನೆ ಮಾತನಾಡುವ ನಮ್ಮ ಮಕ್ಕಳಿಗೆ ಇದು ಮೊದಲು ನಂಬಲಾಗದ ಸಂಗತಿಯಾಗಿತ್ತು. ಕಾಗದ ಬರೆದು ಉತ್ತರಕ್ಕಾಗಿ ಹದಿನೈದು ದಿನ ಅಂಚೆಯವನ ದಾರಿ ಕಾದ ನಮಗೆ ಅದು ಅಷ್ಟೊಂದು ಅಪರಿಚಿತವಲ್ಲ. ಈ ಒಂದು ನಿಯಮದಿಂದ ಎಷ್ಟೊಂದು ಸಂಗತಿಗಳು ಹುಟ್ಟುವುವೆಂಬುದನ್ನು ನೋಡಬೇಕು. ರಾಜಧಾನಿಯ ಆಜ್ಞೆ ಗಡಿಯನ್ನು ಮುಟ್ಟುವಷ್ಟರಲ್ಲಿ ಸಂದರ್ಭವೇ ಬದಲಾಗಿರುವುದರಿಂದ, ಗಡಿಯ ಅಧಿಕಾರಿಗೆ ಸ್ವಂತ ವಿವೇಕ ಬೇಕು. ವರ್ತಕನು ಬೆಲೆಯನ್ನು ಊಹಿಸಿ ಸರಕು ಕೊಳ್ಳಬೇಕು. ಆಪತ್ತಿನ ಕರೆ ಕಿವಿಗೆ ಬೀಳುವ ಹೊತ್ತಿಗೆ ಆಪತ್ತಿಗೆ ಒಂದು ವಾರ ವಯಸ್ಸಾಗಿರುತ್ತದೆ.

ವಿಜ್ಞಾನದ ಆಟವನ್ನು ನಡೆಸುವವನಿಗೂ ಪುರಾಣದ ಕಥೆಯನ್ನು ಹೇಳುವವನಿಗೂ ಇಲ್ಲಿಯೇ ದಾರಿ ಬೇರೆಯಾಗುವುದು. ಪುರಾಣದಲ್ಲಿ ಭಕ್ತನ ಮೊರೆಗೆ ದೇವರು ಬರುವನು. ಬರುವುದೇ ಆ ಕಥೆಯ ತಾತ್ಪರ್ಯ. ಇಲ್ಲಿಯಾದರೋ ನಿಯಮವು ಸಜ್ಜನನಿಗೂ ದುರ್ಜನನಿಗೂ ಒಂದೇ. ಆದ್ದರಿಂದ ಸೂತ್ರಧಾರನು ನಿಯಮಗಳನ್ನು ಕೆಲವೇ ಇಡಬೇಕು. ಇಟ್ಟದ್ದನ್ನು ಕೊನೆಯವರೆಗೂ ಪಾಲಿಸಬೇಕು. ಕಥೆಯನ್ನು ಬರೆದಿಟ್ಟುಕೊಳ್ಳಕೂಡದು. ಬರೆದುಕೊಳ್ಳತಕ್ಕದ್ದು ಇಷ್ಟು: ಯಾವ ಊರಿನಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು, ಆಟಗಾರರು ಏನೂ ಮಾಡದಿದ್ದರೆ ಅಲ್ಲಿ ಏನಾಗುತ್ತದೆ. ಈ ಮೂರನ್ನು ಒಂದೊಂದು ಪುಟದಲ್ಲಿ ಬರೆದಿಟ್ಟರೆ ಸಾಕು, ಮೂರು ತಿಂಗಳ ಭಾನುವಾರಗಳಿಗೆ ಬುತ್ತಿಯಾಯಿತು. ಇದರ ಬದಲು ‘ಮೊದಲು ಇವರು ಇಲ್ಲಿಗೆ ಬರುವರು, ಆಮೇಲೆ ಅಲ್ಲಿಗೆ ಹೋಗುವರು, ಕೊನೆಯಲ್ಲಿ ಹೀಗೆ ಗೆಲ್ಲುವರು’ ಎಂದು ಬರೆದುಕೊಂಡವನು, ಆಟಗಾರರು ಬೇರೆ ದಾರಿ ಹಿಡಿದ ಕೂಡಲೆ, ಅವರನ್ನು ದನ ಅಟ್ಟಿದಂತೆ ತನ್ನ ದಾರಿಗೆ ಅಟ್ಟಬೇಕಾಗುವುದು. ಹುಡುಗರು ಅದನ್ನು ಬೇಗ ಕಂಡುಕೊಳ್ಳುವರು. ಕಂಡುಕೊಂಡ ದಿನದಿಂದ ಅವರು ಯೋಚಿಸುವುದನ್ನು ಬಿಟ್ಟು, ಸೂತ್ರಧಾರನ ಮುಖವನ್ನು ನೋಡಿ ಉತ್ತರ ಹುಡುಕಲು ತೊಡಗುವರು. ಶಾಲೆಯಲ್ಲಿ ಈ ಮುಖನೋಟವನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಇಷ್ಟು ಪೀಠಿಕೆಯಾದ ಮೇಲೆ, ನಮ್ಮ ಮನೆಯಲ್ಲಿ ನಡೆದ ಪ್ರಸಂಗವೊಂದನ್ನು ಹೇಳುತ್ತೇವೆ. ಮೂರು ಜಗತ್ತುಗಳು ಒಂದೇ ಸಾಲಿನಲ್ಲಿದ್ದವು. ನಡುವೆ ಕೇತಕಿ ಎಂಬ ರೇವುಪಟ್ಟಣ. ಒಂದು ಬದಿಯಲ್ಲಿ ಒಂದು ಲಂಘನದ ದೂರದಲ್ಲಿ ಶಿಲಾವತಿ ಎಂಬ ಗಣಿಯೂರು, ಎರಡು ಸಾವಿರ ಜನ. ಇನ್ನೊಂದು ಬದಿಯಲ್ಲಿ ಅಷ್ಟೇ ದೂರದಲ್ಲಿ ಮರೀಚಿ ಎಂಬ ಪುಟ್ಟ ವಸತಿ, ಇಪ್ಪತ್ತನಾಲ್ಕು ಜನ. ನಮ್ಮ ಮಂಡಲಿಯ ಹಡಗು ಹಳೆಯದು. ಒಂದು ಪಾರ್ಸೆಕ್ಕಿಗಿಂತ ಹೆಚ್ಚು ಹಾರಲಾರದು. ಮೊಮ್ಮಗಳ ಪಾತ್ರವು ಆ ಹಡಗಿನ ವೈದ್ಯೆ. ಹಿಂದೊಮ್ಮೆ ಮರೀಚಿಗೆ ಹೋಗಿದ್ದಾಗ ಅವಳು ಅಲ್ಲಿಯ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯಿನಿಯೊಬ್ಬಳ ಸ್ನೇಹ ಬೆಳೆಸಿ, ಮುಂದಿನ ಸಲ ಪುಸ್ತಕಗಳನ್ನು ತರುತ್ತೇನೆಂದು ಮಾತು ಕೊಟ್ಟಿದ್ದಳು.

ಒಂದು ಭಾನುವಾರ ಇವರು ಕೇತಕಿಯಲ್ಲಿ ಇಳಿದಾಗ ಎರಡು ಸುದ್ದಿಗಳು ಕಾದಿದ್ದವು. ಶಿಲಾವತಿಯಲ್ಲಿ ವಿಷಮಜ್ವರ ಹರಡಿದೆ, ಔಷಧ ಬೇಕು. ಮರೀಚಿಯಲ್ಲಿ ಗಾಳಿಯನ್ನು ಶುದ್ಧಿ ಮಾಡುವ ಯಂತ್ರ ಕೆಟ್ಟಿದೆ, ಬಿಡಿಭಾಗ ಬೇಕು. ಮರೀಚಿಯಲ್ಲಿ ಉಳಿದ ಗಾಳಿ ಇಪ್ಪತ್ತು ದಿನಕ್ಕೆ ಸಾಲುವುದೆಂದು ನಾವು ನಮ್ಮ ಪುಸ್ತಕದಲ್ಲಿ ಮೊದಲೇ ಬರೆದಿದ್ದೆವು. ಸುದ್ದಿ ಬರುವುದರಲ್ಲಿ ಎಂಟು ದಿನ ಕಳೆದಿತ್ತು. ಇವೆರಡೂ ಆಟಗಾರರಿಗೆ ತಿಳಿದ ಸಂಗತಿಗಳೇ. ಇನ್ನೊಂದು ಹಡಗನ್ನು ಬಾಡಿಗೆಗೆ ಹಿಡಿಯೋಣವೆಂದರೆ, ಹಿಂದಿನ ವಾರವಷ್ಟೇ ಲಾಭದ ಆಸೆಯಿಂದ ಸರಕು ಕೊಂಡು ಕೈ ಬರಿದು ಮಾಡಿಕೊಂಡಿದ್ದರು. ಎರಡು ಗಂಟೆಯ ಕಾಲ ವಾದ ನಡೆಯಿತು. ಒಬ್ಬನು ಎರಡು ಸಾವಿರವೆಲ್ಲಿ, ಇಪ್ಪತ್ತನಾಲ್ಕೆಲ್ಲಿ ಎಂದನು. ಬ್ಯಾಂಕಿನ ತರುಣಿಯು, ಜ್ವರದಿಂದ ಎಲ್ಲರೂ ಸಾಯುವುದಿಲ್ಲ, ಗಾಳಿಯಿಲ್ಲದೆ ಎಲ್ಲರೂ ಸಾಯುವರು ಎಂದಳು. ಕಡೆಗೆ ಎಲ್ಲರೂ ವೈದ್ಯೆಯ ಕಡೆ ತಿರುಗಿದರು. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಶಿಲಾವತಿ’ ಎಂದಳು.

ಹೋದರು, ಔಷಧ ಕೊಟ್ಟರು, ಜ್ವರ ಇಳಿಯಿತು. ಹೋಗುವುದಕ್ಕೆ ಏಳು ದಿನ, ಅಲ್ಲಿ ಮೂರು ದಿನ, ಹಿಂದಿರುಗುವುದಕ್ಕೆ ಏಳು, ಕೇತಕಿಯಲ್ಲಿ ಒಂದು, ಮರೀಚಿಗೆ ಮತ್ತೆ ಏಳು: ಒಟ್ಟು ಇಪ್ಪತ್ತೈದು ದಿನ. ಮರೀಚಿಯಲ್ಲಿ ಹತ್ತು ಹಿಮಶಯ್ಯೆಗಳಿದ್ದವು. ಉಸಿರನ್ನು ಬಹುಮಟ್ಟಿಗೆ ನಿಲ್ಲಿಸಿ ದೇಹವನ್ನು ಶೈತ್ಯದಲ್ಲಿ ಮಲಗಿಸಿಡುವ ಸಾಧನ ಇದು. ಈ ಆಟದಲ್ಲಿ ಬಡ ಪ್ರಯಾಣಿಕರ ಅಗ್ಗದ ಮಾರ್ಗ. ಊರಿನವರು ಒಂಬತ್ತು ಮಕ್ಕಳನ್ನೂ, ಎಚ್ಚರವಾದ ಮೇಲೆ ಅವರನ್ನು ನೋಡಿಕೊಳ್ಳಲೆಂದು ಆ ಉಪಾಧ್ಯಾಯಿನಿಯನ್ನೂ ಅವುಗಳಲ್ಲಿ ಮಲಗಿಸಿದ್ದರು. ಉಳಿದ ಹದಿನಾಲ್ಕು ಜನ ಬದುಕಿರಲಿಲ್ಲ.

ಹಿಮಶಯ್ಯೆಯಿಂದ ಎಬ್ಬಿಸುವಾಗ ಎರಡು ದಾಳಗಳ ಮೊತ್ತ ಐದು ಅಥವಾ ಹೆಚ್ಚು ಬೀಳಬೇಕೆಂಬುದು ಪುಸ್ತಕದ ನಿಯಮ. ನುರಿತ ವೈದ್ಯನಿದ್ದರೆ ಒಂದಂಕ ಕೂಡಿಸಬಹುದು. ಎರಡು ದಾಳಗಳು ಬೀಳುವ ಬಗೆ ೩೬. ವೈದ್ಯೆಯಿರುವಾಗ ಅವುಗಳಲ್ಲಿ ೩೩ ಬದುಕಿನವು, ಮೂರು ಸಾವಿನವು. ಎಂದರೆ ಹನ್ನೆರಡರಲ್ಲಿ ಒಂದು. ನಾವು ದಾಳಗಳನ್ನು ಎಲ್ಲರ ಕಣ್ಣ ಮುಂದೆಯೇ ಎಸೆಯತಕ್ಕವರು; ಅಡ್ಡಹಲಗೆಯ ಮರೆಯಲ್ಲಿ ಎಸೆಯುವ ಪದ್ಧತಿ ನಮ್ಮಲ್ಲಿಲ್ಲ. ಒಂಬತ್ತು ಮಕ್ಕಳೂ ಒಬ್ಬೊಬ್ಬರಾಗಿ ಕಣ್ಣು ತೆರೆದರು. ಹತ್ತನೆಯ ಸಲ ದಾಳಗಳನ್ನು ಮೊಮ್ಮಗಳೇ ಎಸೆದಳು. ಒಂದು ಬಿದ್ದಿತು, ಎರಡು ಬಿದ್ದಿತು. ಮೂರು, ವೈದ್ಯೆಯ ಒಂದು ಸೇರಿ ನಾಲ್ಕು. ಒಂದಂಕ ಕಡಿಮೆ.

ಅವಳು ನಮ್ಮ ಮುಖವನ್ನು ನೋಡಿ, ‘ಅಜ್ಜಾ, ಒಂದನ್ನು ಮಗುಚಿಡಬಾರದೆ?’ ಎಂದು ಕೇಳಿದಳು. ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲ. ಮಗುಚಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೆಂಬುದು ನಮಗೆ ಗೊತ್ತಿತ್ತು. ನಾವು ‘ಇಲ್ಲ ಮಗು’ ಎಂದೆವು. ಅವಳು ಅತ್ತಳು. ಆ ದಿನದ ಆಟ ಅಲ್ಲಿಗೆ ಮುಗಿಯಿತು.

ಆ ರಾತ್ರಿ ನಮ್ಮ ಸೊಸೆಯು ಊಟ ಬಡಿಸುತ್ತ, ‘ಮಾವನವರೇ, ಕಾಗದದ ಮೇಲಿನ ಹೆಂಗಸೊಬ್ಬಳಿಗಾಗಿ ಮಗುವನ್ನು ಅಳಿಸಬೇಕೆ? ಹಿರಿಯರ ಕೈಯಲ್ಲಿರುವುದನ್ನು ಹಿರಿಯರು ಕೊಟ್ಟರೆ ಏನು ಹೋಗುತ್ತಿತ್ತು?’ ಎಂದಳು. ಅವಳ ಮಾತಿನಲ್ಲಿ ಕೋಪಕ್ಕಿಂತ ವ್ಯಥೆಯೇ ಹೆಚ್ಚಾಗಿತ್ತು; ತಾಯಿಯ ಪ್ರಶ್ನೆ ಅದು. ವಾಚಕರಲ್ಲಿ ಅನೇಕರು ಅವಳ ಪಕ್ಷವನ್ನೇ ವಹಿಸಿಯಾರು. ಈ ಆಟವನ್ನು ಬಲ್ಲವರಲ್ಲಿಯೂ ಈ ವಿಷಯವಾಗಿ ಎರಡು ಪಕ್ಷಗಳುಂಟು. ಆಟಗಾರರ ಸಂತೋಷಕ್ಕಾಗಿ ಸೂತ್ರಧಾರನು ಗುಟ್ಟಾಗಿ ದಾಳವನ್ನು ತಿದ್ದಬಹುದೆಂದು ಕೆಲವರು, ಕೂಡದೆಂದು ಕೆಲವರು.

ನಾವು ಸೊಸೆಗೆ ಹೇಳಿದ್ದು ಇದು. ಹರಿಶ್ಚಂದ್ರನ ಕಥೆಯನ್ನು ಕೇಳಿಯೂ ಮಗು ಅಳುತ್ತದೆ. ಆದರೆ ಅಲ್ಲಿ ನಿಶ್ಚಯಿಸಿದವನು ಹರಿಶ್ಚಂದ್ರ. ಇಲ್ಲಿ ನಿಶ್ಚಯಿಸಿದವಳು ಅವಳೇ. ಎರಡು ಸಾವಿರ ಜನರನ್ನು ಉಳಿಸಿದ ಅವಳ ನಿಶ್ಚಯವು ನಿಜವೆನ್ನುವುದಾದರೆ, ಅದಕ್ಕೆ ತೆತ್ತ ಬೆಲೆಯೂ ನಿಜವಾಗಿರಬೇಕು. ನಾವು ಒಂದು ದಾಳವನ್ನು ಮಗುಚಿದ್ದರೆ ಆ ಉಪಾಧ್ಯಾಯಿನಿಯು ಬದುಕುತ್ತಿದ್ದಳು. ಆದರೆ ಅವಳ ಜೊತೆಯಲ್ಲಿ ಎದ್ದ ಒಂಬತ್ತು ಮಕ್ಕಳು ಬದುಕಿದ್ದೂ, ಶಿಲಾವತಿಯ ಜ್ವರ ಇಳಿದದ್ದೂ, ಎಲ್ಲವೂ ಅಜ್ಜನ ಕೃಪೆಯೆಂದು ಆಗಿಹೋಗುತ್ತಿತ್ತು. ಮುಂದೆ ಎಂದಾದರೂ ಅವಳು ಏನನ್ನಾದರೂ ಸಾಧಿಸಿದರೆ, ಇದನ್ನೂ ಅಜ್ಜ ಮಗುಚಿಟ್ಟನೋ ಏನೋ ಎಂದು ಸಂಶಯಪಡುವಳು. ಮೇಲಾಗಿ, ಯಾವ ವಿಷಯಗಳು ನಮ್ಮ ಆಟದಲ್ಲಿ ಬರಕೂಡದೆಂಬುದನ್ನು ಮೊದಲ ದಿನವೇ ಎಲ್ಲರನ್ನೂ ಕೇಳಿ ಬರೆದುಕೊಂಡಿದ್ದೇವೆ. ಕ್ರೌರ್ಯದ ವರ್ಣನೆ ನಮ್ಮಲ್ಲಿಲ್ಲ. ಬೇಡವೆಂದು ಯಾರು ಕೈಯೆತ್ತಿದರೂ ಆಟ ನಿಲ್ಲುವುದು. ಈ ಬೇಲಿಯೊಳಗೆ, ಎರಡು ಒಳ್ಳೆಯದರಲ್ಲಿ ಒಂದನ್ನು ಮಾತ್ರ ಆರಿಸಬೇಕಾದ ಕಷ್ಟವನ್ನು ಮಗು ಒಮ್ಮೆ ಅನುಭವಿಸಿದರೆ, ಅದು ಕಾಗದದ ಲೋಕದಲ್ಲಿಯೇ ಆಗಿಹೋಗುವುದು ಒಳ್ಳೆಯದಲ್ಲವೆ? ಸೊಸೆಯು ಒಪ್ಪಿದಳೆಂದು ಹೇಳಲಾರೆವು. ‘ಮುಂದಿನ ವಾರ ನಾನೂ ಕೂತು ನೋಡುತ್ತೇನೆ’ ಎಂದಷ್ಟೇ ಹೇಳಿದಳು.

ಮುಂದಿನ ಭಾನುವಾರ ಮೊಮ್ಮಗಳು ಒಂದು ನೋಟುಪುಸ್ತಕವನ್ನು ತಂದಳು. ಅದರಲ್ಲಿ ನಕ್ಷೆಯೂ ಲೆಕ್ಕವೂ ಇದ್ದವು. ಅವಳ ವಾದವೇನೆಂದರೆ, ಲಂಘನದ ಒಂದು ವಾರವನ್ನು ಯಾರೂ ಕಡಿಮೆ ಮಾಡಲಾರರು, ಅದು ನಿಯಮ. ಆದರೆ ಸುದ್ದಿಯು ವಿಳಂಬವಾಗುವುದು ಹಾರಾಟದಲ್ಲಿ ಮಾತ್ರವಲ್ಲ, ಹಡಗಿಗಾಗಿ ಕಾಯುವುದರಲ್ಲಿಯೂ. ಸುದ್ದಿ ಮುಟ್ಟಿದ ಮೇಲೂ ನೆರವಿಗೆ ಹೋಗತಕ್ಕ ಹಡಗು ಸಿದ್ಧವಿರುವುದಿಲ್ಲ. ಪ್ರತಿಯೊಂದು ರೇವಿನಲ್ಲಿಯೂ ಒಂದು ಚಿಕ್ಕ ಹಡಗು ಸರಕಿಲ್ಲದೆ, ಎಣ್ಣೆ ತುಂಬಿಕೊಂಡು, ಸದಾ ಹೊರಡಲು ಸಿದ್ಧವಾಗಿ ನಿಂತಿರಬೇಕು. ಒಂದು ಬಂದ ಕೂಡಲೆ ಸುದ್ದಿಯನ್ನು ಕೈಬದಲಾಯಿಸಿ ಇನ್ನೊಂದು ಹಾರಬೇಕು. ಹೀಗಿದ್ದಿದ್ದರೆ ಕೇತಕಿಯಿಂದ ಅದೇ ದಿನ ಎರಡು ಕಡೆಗೂ ಹಡಗು ಹೊರಡುತ್ತಿತ್ತು. ಮರೀಚಿಗೆ ಹದಿನೈದನೆಯ ದಿನ ನೆರವು ಮುಟ್ಟುತ್ತಿತ್ತು, ಐದು ದಿನದ ಗಾಳಿ ಇನ್ನೂ ಉಳಿದಿರುತ್ತಿತ್ತು. ಇದಕ್ಕೆ ಹಣವೆಲ್ಲಿಂದ ಎಂದು ಕಾಲೇಜಿನ ಹುಡುಗನು ಕೇಳಿದನು. ತಮ್ಮ ಹಡಗನ್ನು ಅಡವಿಟ್ಟು ಮೊದಲ ಎರಡನ್ನು ಕೊಳ್ಳುವುದು, ಶಿಲಾವತಿಯವರಿಂದ ವರ್ಷವರ್ಷವೂ ವಂತಿಗೆ ಕೇಳುವುದು ಎಂದು ಅವಳ ಉತ್ತರ. ಬ್ಯಾಂಕಿನ ತರುಣಿಯು ಬಡ್ಡಿಯ ಲೆಕ್ಕವನ್ನು ತಿದ್ದಿಕೊಟ್ಟಳು. ಸೊಸೆಯು ಬಾಗಿಲ ಬಳಿ ಕುಳಿತವಳು, ‘ಆ ಒಂಬತ್ತು ಮಕ್ಕಳು ಈಗ ಯಾರ ಮನೆಯಲ್ಲಿದ್ದಾರೆ?’ ಎಂದು ಕೇಳಿದಳು. ಅದನ್ನು ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಆ ಸಾಯಂಕಾಲದ ಅರ್ಧ ಅದರಲ್ಲಿಯೇ ಹೋಯಿತು.

ಆಟ ಮುಗಿದ ಮೇಲೆ ನಮ್ಮ ತಂಗಿಯ ಮಗನು ನಮ್ಮನ್ನು ಪಕ್ಕಕ್ಕೆ ಕರೆದು, ಈ ಆಟದ ಕರ್ತೃಗಳು ತರುವಾಯ ಪ್ರಕಟಿಸಿದ ಪುಸ್ತಕಗಳಲ್ಲಿ ಹನ್ನೊಂದು ಸಾವಿರ ಜಗತ್ತುಗಳ ಸಾಮ್ರಾಜ್ಯವೊಂದನ್ನು ವರ್ಣಿಸಿದ್ದಾರೆಂದೂ, ಅದರಲ್ಲಿ ಇಂಥದೇ ಅಂಚೆಯ ಹಡಗುಗಳ ಸಾಲೊಂದುಂಟೆಂದೂ ತೋರಿಸಿದನು. ಮೊಮ್ಮಗಳು ಅವನ್ನು ಓದಿದವಳಲ್ಲ. ಒಂದೇ ನಿಯಮದಿಂದ ಹೊರಟದ್ದರಿಂದ ಅವರೂ ಇವಳೂ ಒಂದೇ ಕಡೆಗೆ ಬಂದು ಸೇರಿದರು. ನಾವು ಅಂಚೆಯ ಹಡಗನ್ನು ನಮ್ಮ ಲೋಕದಲ್ಲಿ ಮೊದಲೇ ಇಟ್ಟಿದ್ದರೆ, ಅವಳು ಅದನ್ನು ಮನೆಯ ಗಡಿಯಾರದಂತೆ ನೋಡಿ ಸುಮ್ಮನಾಗುತ್ತಿದ್ದಳು. ಕಂಡುಹಿಡಿಯುವ ಸುಖ ಅವಳದಾಗುತ್ತಿರಲಿಲ್ಲ.

ಶಾಲೆಯಲ್ಲಿ ಉಪಾಧ್ಯಾಯನು ಕೇಳುವ ಪ್ರಶ್ನೆಗಳ ಉತ್ತರ ಉಪಾಧ್ಯಾಯನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದೆ ಕೇಳಿದರೆ ಪರೀಕ್ಷೆ ನಡೆಯದು. ಆ ಕ್ರಮಕ್ಕೆ ಅದರದೇ ಪ್ರಯೋಜನವುಂಟು. ‘ರಾಮ’ ಶಬ್ದದ ರೂಪಗಳನ್ನು ಹುಡುಗನು ತನಗೆ ತೋಚಿದಂತೆ ಹೇಳಲಾಗದು. ಆದರೆ ಉತ್ತರವು ಯಾರಿಗೂ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಹಿರಿಯನೂ ಕಿರಿಯನೂ ಒಟ್ಟಿಗೆ ಕೂರುವ ಅವಕಾಶ ಮನೆಯಲ್ಲಿ ವಿರಳ. ಮಕ್ಕಳ ಓದು, ಉದ್ಯೋಗ, ಮದುವೆ ಇವುಗಳಲ್ಲಿ ಹಿರಿಯರಾದ ನಾವು ಕೊನೆಯನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ‘ನಿನ್ನ ಇಷ್ಟವೇನು?’ ಎಂದು ಕೇಳುವುದೇ ಹೆಚ್ಚು. ಅವರು ನಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ಸೂತ್ರಧಾರನ ಪೀಠದಲ್ಲಿ ಕುಳಿತವನಿಗೆ ಈ ಅಭ್ಯಾಸ ಸಲ್ಲದು. ಅಲ್ಲಿ ನಮ್ಮ ಕೆಲಸ, ನೆಲವನ್ನು ಗಟ್ಟಿಯಾಗಿ ಹಾಕಿ, ಅಳತೆಗಳನ್ನು ನಿಜವಾಗಿ ಹೇಳಿ, ನಡೆಯುವವರಿಗೆ ದಾರಿ ಬಿಟ್ಟು ನಿಲ್ಲುವುದು.

ಈ ಆಟವನ್ನು ಮನೆಯಲ್ಲಿ ತೊಡಗಬೇಕೆನ್ನುವವರಿಗೆ ಬೇಕಾದ ಸಾಮಗ್ರಿ ಅಲ್ಪ: ಎರಡು ದಾಳ, ಸೀಸದ ಕಡ್ಡಿ, ಕಾಗದ, ನಾಲ್ಕು ಜನ, ಮೂರು ಗಂಟೆಯ ಬಿಡುವು. ೮೦ ಕೋನಗಳ ನಕ್ಷೆ ಮೊದಲಿಗೆ ಬೇಡ, ಆರು ಜಗತ್ತು ಸಾಕು. ಅವುಗಳ ನಡುವಣ ದೂರವನ್ನು ಮೊದಲೇ ನಿಶ್ಚಯಿಸಿ ಬರೆಯಿರಿ. ಬರೆದ ಮೇಲೆ ಅಳಿಸಬೇಡಿ. ಪ್ರತಿ ಜಗತ್ತಿನಲ್ಲಿ ಏನನ್ನಾದರೂ ಬಯಸುವ ಇಬ್ಬರನ್ನು ಇಡಿರಿ. ಇಬ್ಬರ ಬಯಕೆಯೂ ಒಟ್ಟಿಗೆ ಈಡೇರದಂತಿರಲಿ. ದಾಳವನ್ನು ಬಯಲಲ್ಲಿ ಎಸೆಯಿರಿ. ‘ಮುಂದೇನಾಗುತ್ತದೆ?’ ಎಂದು ಮಕ್ಕಳು ಕೇಳಿದರೆ ‘ನೀವು ಏನು ಮಾಡುತ್ತೀರಿ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟವಾದದ್ದು. ಪಾಠ ಹೇಳಿ ಬಾಯಿ ಪಳಗಿದವರಿಗಂತೂ ಇನ್ನೂ ಕಷ್ಟ. ನಮ್ಮ ಮೊಮ್ಮಗಳ ಅಂಚೆಯ ಹಡಗುಗಳು ಈಗ ಐದಾಗಿವೆ. ಅಡವಿನ ಸಾಲ ಇನ್ನೂ ತೀರಿಲ್ಲ. ಶಿಲಾವತಿಯ ಗಣಿಯ ಒಡೆಯನು ಈ ವರ್ಷ ವಂತಿಗೆಯನ್ನು ಕೊಡುವುದಿಲ್ಲವೆನ್ನುತ್ತಿದ್ದಾನೆ. ಅವಳು ಅದಕ್ಕೇನು ಮಾಡುವಳೆಂಬುದು ಬರುವ ಭಾನುವಾರ ತಿಳಿಯಬೇಕು.